ಕತ್ತರಿಸದ ಕೋಟು

ಅಕ್ಕ ತಂಗಿ ಮಾತು ಬಿಟ್ಟು ಹನ್ನೆರಡು ಹದಿಮೂರು ವರ್ಷವಾಗಿತ್ತು. ಆದರೂ ಅವರ ಹೊಲಿಗೆ ಅಂಗಡಿ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ಬೀದಿಯವರ ಬಾಯಲ್ಲಿ ಒಬ್ಬಳು ಕತ್ತರಿಯಕ್ಕ, ಇನ್ನೊಬ್ಬಳು ಸೂಜಿಯಕ್ಕ. ಕತ್ತರಿಯಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಂಚಿಗೆ ಸಣ್ಣ ಸಣ್ಣ ಕಚ್ಚು ಹಾಕಿ, ಬಟ್ಟೆಯನ್ನು ಮೇಜಿನ ಆಚೆ ತಳ್ಳುತ್ತಿದ್ದಳು. ಎಲ್ಲಿ ನೆರಿಗೆ, ಎಲ್ಲಿ ಗುಂಡಿ, ಎಲ್ಲಿ ಒಳಗೆ ಬಟ್ಟೆ ಬಿಡಬೇಕು ಎಂಬುದೆಲ್ಲ ಆ ಕಚ್ಚುಗಳಲ್ಲೇ ಇರುತ್ತಿತ್ತು. ಇನ್ನೂ ಏನಾದರೂ ಹೇಳುವುದು ಉಳಿದರೆ ಮೂಲೆಯಲ್ಲಿ ನಿಂತಿದ್ದ ತಲೆಯಿಲ್ಲದ ಬಟ್ಟೆ ಬೊಂಬೆಗೆ ಹೇಳುವುದು.

"ಬೊಂಬೆ, ಡಾಕ್ಟರ ಹೆಂಡತಿ ದಪ್ಪ ಆಗಿದಾಳೆ. ಪಕ್ಕದಲ್ಲಿ ಬಿಚ್ಚೋಕೆ ಹೇಳು."

"ಬೊಂಬೆ, ಆಗಲೇ ಬಿಚ್ಚಿ ಆಯ್ತು ಅಂತ ಹೇಳು. ನನಗೂ ಕಣ್ಣಿದೆ."

ಬಟ್ಟೆ ಹೊಲಿಸಲು ಬಂದವರು ಮೊದಮೊದಲು ನಗುತ್ತಿದ್ದರು. ಆಮೇಲಾಮೇಲೆ ಅವರೂ ಬೊಂಬೆಯನ್ನೇ ಕೇಳತೊಡಗಿದರು, ನನ್ನ ಅಂಗಿ ಯಾವಾಗ ಸಿಗುತ್ತೆ ಎಂದು.

ಜಗಳದ ಮೂಲ ಒಬ್ಬ ಗುಂಡಿ ಮಾರುವವನು. ತಿಂಗಳಿಗೊಮ್ಮೆ ಗುಂಡಿಗಳ ಪೆಟ್ಟಿಗೆ ಹಿಡಿದು ಬರುತ್ತಿದ್ದ. ಗುಂಡಿ ತೋರಿಸಲು ಅಷ್ಟು ಹೊತ್ತು ಯಾರಿಗೂ ಬೇಕಾಗುವುದಿಲ್ಲ, ಅವನಿಗೆ ಬೇಕಾಗುತ್ತಿತ್ತು. ಕಡೆಗೊಂದು ದಿನ ತಂಗಿಯನ್ನು ತನಗೆ ಕೊಡುತ್ತೀರಾ ಎಂದು ಅಕ್ಕನನ್ನು ಕೇಳಿಯೇಬಿಟ್ಟ. "ಈ ಸೀಸನ್ ಆರ್ಡರ್ ಮುಗೀಲಿ, ನೋಡೋಣ" ಅಂದಳು ಅಕ್ಕ. ಆ ಸೀಸನ್ ಮುಗಿದು ಇನ್ನೊಂದು ಬಂತು. ಮತ್ತೆ ಅದೇ ಮಾತು. ಪಾಪ, ಅವನೂ ಎಷ್ಟೆಂದು ಕಾದಾನು? ಒಂದು ತಿಂಗಳು ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ತಂಗಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು, "ಊರವರ ಬಟ್ಟೆ ಸಾಲದು ಅಂತ ನನ್ನ ಬಾಳನ್ನೂ ಕತ್ತರಿಸಿ ಹಾಕಿದೆ" ಅಂದಳು. ಅಕ್ಕನ ಮುಖ ನೋಡಿ ಅವಳು ಆಡಿದ ಕಡೆಯ ಮಾತು ಅದು.

ಅಂದಿಗೆ ತಂಗಿಗೆ ಮೂವತ್ತೊಂಬತ್ತು. ಅಲ್ಲಿಂದ ಮುಂದೆ ಅವಳ ವಯಸ್ಸು ಕದಲಲಿಲ್ಲ. ಯಾರು ಕೇಳಿದರೂ ಮೂವತ್ತೊಂಬತ್ತೇ. ವಾರಕ್ಕೊಮ್ಮೆ ಪರದೆಯ ಹಿಂದೆ ಕೂತು ಕೂದಲಿಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದಳು. ಅವನು ತಿರುಗಿ ಬಂದರೆ, ಬಿಟ್ಟು ಹೋದ ಹಾಗೆಯೇ ಸಿಗಬೇಕಲ್ಲ. ಅಕ್ಕನ ಮೂಗಿಗೆ ಆ ಬಣ್ಣದ ವಾಸನೆ ಬಡಿಯದೆ ಇರುತ್ತಿರಲಿಲ್ಲ. ನಾಲಿಗೆ ಚೂಪಾದ ಹೆಂಗಸು ಅವಳು, ಆದರೆ ಈ ಒಂದು ವಿಷಯದಲ್ಲಿ ಬೊಂಬೆಯ ಹತ್ತಿರವೂ ತುಟಿ ಪಿಟಕ್ಕೆನ್ನಲಿಲ್ಲ.

ಯುದ್ಧ ಬಂದಾಗ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಜನರ ಅಜ್ಜಂದಿರ ನೆನಪಾಗುತ್ತದೆ. ಇವರ ಅಜ್ಜ ಗಡಿಯಾಚೆಯಿಂದ ಬಂದವನಂತೆ. ಅವನು ಸತ್ತು ಯಾವ ಕಾಲವಾಯಿತೋ. ಅವನ ಭಾಷೆಯಲ್ಲಿ ಇವರಿಗೆ ಎರಡು ಬೈಗುಳ ಬಿಟ್ಟರೆ ಇನ್ನೇನೂ ಬಾರದು. ಅಷ್ಟಾದರೂ ಒಂದು ಬೆಳಗ್ಗೆ ಪೊಲೀಸರು ಬಂದು, ಕೈಯಲ್ಲಿ ಹಿಡಿಯುವಷ್ಟು ಸಾಮಾನು ತಗೊಂಡು ಹೊರಡಿ ಅಂದರು. ಅಕ್ಕ ಕತ್ತರಿ ತೆಗೆದುಕೊಂಡಳು, ತಂಗಿ ಸೂಜಿ ತೆಗೆದುಕೊಂಡಳು. ಬೊಂಬೆಯನ್ನು ಕರೆದೊಯ್ಯುವಂತಿರಲಿಲ್ಲ. ಅದಕ್ಕೆ ಅಜ್ಜನಿರಲಿಲ್ಲ.

ಊರಾಚೆ ಮುಚ್ಚಿಹೋಗಿದ್ದ ಬೆಂಕಿಪೆಟ್ಟಿಗೆ ಕಾರ್ಖಾನೆಯೇ ಕ್ಯಾಂಪು. ಸುತ್ತ ಮುಳ್ಳುತಂತಿ, ಗೇಟಿನಲ್ಲಿ ಒಂದು ಮೇಜು, ಮೇಜಿನ ಹಿಂದೆ ತಲೆಯೆತ್ತದೆ ಬರೆಯುವ ಗುಮಾಸ್ತ. ಕತ್ತರಿಯನ್ನು ಆಯುಧ ಎಂದು ಅಲ್ಲಿಯೇ ಕಿತ್ತುಕೊಂಡರು. ಅದು ಅವಳ ಅಪ್ಪನ ಕತ್ತರಿ. ಹಿಡಿಯ ಒಳಬದಿ ಅವಳ ಹೆಬ್ಬೆರಳಿನ ಅಳತೆಗೇ ಸವೆದಿತ್ತು. ಅವಳಿಗೆ ಕೈಯೇ ಹೋದಂತಾಯಿತು. ಸೂಜಿ ತಂಗಿಯ ಕಾಲರಿನ ಮಡಿಕೆಯಲ್ಲಿ ಅಡಗಿ ಒಳಗೆ ಬಂತು.

"ವಯಸ್ಸು?" ಗುಮಾಸ್ತ ಕೇಳಿದ.

"ಐವತ್ತಾರು" ಅಂದಳು ಅಕ್ಕ.

"ಮೂವತ್ತೊಂಬತ್ತು" ಅಂದಳು ತಂಗಿ. ಗುಮಾಸ್ತ ಬರೆದುಕೊಂಡ.

"ನಿಮಗಿಬ್ಬರಿಗೂ ಏನು ಸಂಬಂಧ?"

ಆಗ ಆದದ್ದು ಬೇರೆ ಯಾರೂ ಮಾಡದ, ಇವರಿಬ್ಬರೇ ಮಾಡಬಹುದಾದ ತಪ್ಪು. ಅಕ್ಕ ಗೇಟಿನ ಕಂಬಕ್ಕೆ ಮುಖ ಮಾಡಿ, "ಅವಳನ್ನೇ ಕೇಳಲಿ" ಅಂದಳು. ತಂಗಿ ಅದೇ ಕಂಬಕ್ಕೆ, "ನನಗೆ ಯಾರೂ ಇಲ್ಲ ಅಂತ ಬರ್ಕೊಳ್ಳಲಿ" ಅಂದಳು. ಅಕ್ಕನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಮೇಲೆ ಕತ್ತರಿ ಹೋದ ಸಂಕಟ ಬೇರೆ. "ನನಗೂ ಅಷ್ಟೇ" ಅಂದುಬಿಟ್ಟಳು. ಬಂದವರ ಸಾಲು ಉದ್ದವಿತ್ತು. ಗುಮಾಸ್ತ ಇಬ್ಬರನ್ನೂ ಒಂಟಿ ಹೆಂಗಸರು ಎಂದು ಬರೆದು ಒಳಗೆ ಕಳಿಸಿದ.

ಕಡ್ಡಿಗೆ ಮದ್ದು ಹಚ್ಚುತ್ತಿದ್ದ ದೊಡ್ಡ ಶೆಡ್ಡಿನಲ್ಲಿ ಒಂಟಿ ಹೆಂಗಸರಿಗೆ ಮಂಚ. ಗೋಡೆಗಳಲ್ಲಿ ಇನ್ನೂ ಗಂಧಕದ ವಾಸನೆ. ಬೆಂಕಿಪೆಟ್ಟಿಗೆ ಕಾರ್ಖಾನೆಯೊಳಗೆ ಒಂದು ಬೆಂಕಿಕಡ್ಡಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ಮೊದಲ ನಿಯಮ. ಮಂಚಗಳು ಅಕ್ಕಪಕ್ಕದಲ್ಲೇ ಸಿಕ್ಕವು. ನಡುವೆ ಮಾಡು ಹೊತ್ತ ಒಂದು ಕಬ್ಬಿಣದ ಕಂಬ. ಆ ದಿನದಿಂದ ಬೊಂಬೆಯ ಕೆಲಸ ಕಂಬಕ್ಕೆ ಬಂತು.

"ಕಂಬ, ಕಿಟಕಿ ಕಡೆ ತಲೆ ಹಾಕಿ ಮಲಗಬೇಡ ಅಂತ ಹೇಳು. ಶೀತ ಅಂದ್ರೆ ಅವಳಿಗೆ ಆಗಲ್ಲ."

"ಕಂಬ, ಅವರವರ ಶೀತ ಅವರವರು ನೋಡ್ಕೋತಾರೆ ಅಂತ ಹೇಳು."

ಆಚೆ ಮಂಚದಲ್ಲಿದ್ದವಳು ಬೇಕರಿಯಮ್ಮ. ಊರಲ್ಲಿ ಬೇಕರಿ ಇಟ್ಟಿದ್ದವಳು, ಎಲ್ಲರ ವಿಷಯವೂ ಬೇಕು ಅವಳಿಗೆ. "ಅಲ್ಲ ಕಣ್ರಮ್ಮಾ, ಈ ಕಂಬಕ್ಕೆ ಬಾಯಿ ಬಂದ್ರೆ ಮೊದಲು ನಿಮ್ಮಿಬ್ಬರಿಗೂ ಬೈಯುತ್ತೆ" ಎಂದು ನಗುತ್ತಿದ್ದಳು.

ಜನ ಉಟ್ಟ ಬಟ್ಟೆಯಲ್ಲಿ ಬಂದವರು. ತಿಂಗಳು ಕಳೆಯುವುದರೊಳಗೆ ಮೊಣಕೈ ಹರಿಯಿತು, ಮೊಣಕಾಲು ಹರಿಯಿತು. ಎಲ್ಲರೂ ಸೂಜಿಯಕ್ಕನ ಮಂಚದ ಮುಂದೆ ನಿಂತರು. ಕತ್ತರಿಯಕ್ಕ ಕೈ ಕಟ್ಟಿ ಕೂತಳು. ಬದುಕಿನಲ್ಲಿ ಮೊದಲ ಬಾರಿಗೆ ತಂಗಿಗೆ ಕೆಲಸವಿದ್ದು ತನಗಿಲ್ಲ. ಒಂದು ದಿನ ಬೇಕರಿಯಮ್ಮ ಕಂಬಳಿ ತಂದು, ಇದರಲ್ಲಿ ಒಂದು ಮೇಲಂಗಿ ಆಗುತ್ತಾ ಎಂದು ಕೇಳಿದಳು. ಕತ್ತರಿ ಇಲ್ಲದೆ ಹೇಗೆ? ಇದ್ದರೂ ಕಂಬಳಿಗೆ ಕತ್ತರಿ ಹಾಕಿದರೆ ಸರ್ಕಾರಿ ಸ್ವತ್ತು ಹಾಳು ಮಾಡಿದ ಕೇಸು. ಕತ್ತರಿಯಕ್ಕ ಕಂಬಳಿಯನ್ನು ಸುಮಾರು ಹೊತ್ತು ನೋಡಿದಳು. ಗೋಡೆಯಿಂದ ಸುಣ್ಣದ ಒಂದು ಚೂರು ಕಿತ್ತು, ಕತ್ತರಿಸಬೇಕಾದ ಕಡೆಯಲ್ಲೆಲ್ಲ ಗೆರೆ ಎಳೆದು, "ಕಂಬ, ಗೆರೆ ಮೇಲೆ ಮಡಚಿ ಹೊಲಿ ಅಂತ ಹೇಳು. ಮಿಕ್ಕಿದ್ದೆಲ್ಲ ಒಳಗೇ ಇರಲಿ" ಅಂದಳು. ಮಡಚಿದ್ದಕ್ಕೆ ಯಾವ ಕೇಸೂ ಇಲ್ಲ. ತಂಗಿ ಗೆರೆಗಳನ್ನು ಬೆರಳಲ್ಲಿ ಸವರಿ ನೋಡಿ ಕೂತು ಹೊಲಿದಳು. ಬೇಕರಿಯಮ್ಮ ಅದನ್ನು ತೊಟ್ಟಾಗ ಸ್ವಲ್ಪ ಮೂಟೆಯಂತೆ ಕಂಡಳು, ನಿಜ, ಆದರೆ ಬೆಚ್ಚಗಿದ್ದಳು.

ಚಳಿ ಏರಿತು. ಒಡೆದ ಕಿಟಕಿಗೆ ರಟ್ಟು ಹೊಡೆದರೂ ಗಾಳಿ ನಿಲ್ಲಲಿಲ್ಲ. ತಂಗಿಗೆ ಕೆಮ್ಮು ಹಿಡಿಯಿತು. ಅವಳು ತಲೆಗೆ ಕಟ್ಟಿದ ಸ್ಕಾರ್ಫನ್ನು ಹಗಲಿರುಳು ಬಿಚ್ಚುತ್ತಿರಲಿಲ್ಲ. ಶೀತಕ್ಕೆ ಎಂದು ಹೇಳುತ್ತಿದ್ದಳು, ನಿಜವಾಗಿ ಯಾಕೆಂದು ಅಕ್ಕನಿಗೆ ಗೊತ್ತಿತ್ತು. ಕ್ಯಾಂಪಿನಲ್ಲಿ ಕೂದಲಿನ ಬಣ್ಣ ಸಿಗುವುದಿಲ್ಲ. ಒಂದು ಮಧ್ಯಾಹ್ನ ಅಕ್ಕ ತನ್ನ ಎರಡು ಕಂಬಳಿಗಳಲ್ಲಿ ಒಂದನ್ನು ಹರವಿ ಕೋಟಿನ ಗೆರೆ ಎಳೆದು, ತಂಗಿಯ ಮಂಚದ ಮೇಲೆ ಹಾಕಿ ಹೋದಳು. ಯಾರಿಗೆ ಎಂದು ಕಂಬಕ್ಕೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸಣಕಲು ಭುಜ, ಉದ್ದ ತೋಳು, ಕಿರಿದಾದ ಬೆನ್ನು. ಬೇರೆ ಯಾರ ಅಳತೆ ಅದು? ತಂಗಿ ಅದನ್ನು ಓದಿಕೊಂಡಳು. ಆ ದಿನವಿಡೀ ಕಂಬಕ್ಕೆ ರಜೆ ಸಿಕ್ಕಿತು.

ಆ ಕೋಟು ಇನ್ನೂ ಅರ್ಧ ಹೊಲಿಗೆಯಲ್ಲಿದ್ದಾಗ ಅಂಗಳದ ಧ್ವನಿವರ್ಧಕ ಕೂಗಿತು. ಕ್ಯಾಂಪಿನಲ್ಲಿ ಜಾಗ ಸಾಲದು. ಸಂಸಾರವಂದಿಗರು ಇಲ್ಲೇ ಇರುತ್ತಾರೆ. ಒಂಟಿ ಹೆಂಗಸರಲ್ಲಿ ಐವತ್ತರ ಕೆಳಗಿನವರನ್ನು ಪಟ್ಟಣದ ಹೊಲಿಗೆ ಕಾರ್ಖಾನೆಗೆ ಕಳಿಸಲಾಗುವುದು. ಐವತ್ತು ದಾಟಿದವರನ್ನು ಬೆಟ್ಟದ ಮೇಲಿನ ಹಳೆಯ ಕೋಟೆಗೆ.

ಕೋಟೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಕಲ್ಲಿನ ಕೋಣೆ, ಮಂಜು, ಮೇಲೆ ಹೋದವರು ಕೆಳಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಯಂತ್ರಗಳಿದ್ದವು, ಕೋಣೆ ಬೆಚ್ಚಗಿತ್ತು, ಚೆನ್ನಾಗಿ ದುಡಿದವರನ್ನು ಬೇಗ ಬಿಡುತ್ತಾರೆ ಎಂಬ ಮಾತೂ ಇತ್ತು.

ಬೇಕರಿಯಮ್ಮ ಕತ್ತರಿಯಕ್ಕನ ರಟ್ಟೆ ಹಿಡಿದಳು. "ಈಗಲಾದ್ರೂ ಹೋಗಿ ನಾವು ಅಕ್ಕತಂಗಿ ಅಂತ ಹೇಳಿ. ಇಬ್ಬರೂ ಇಲ್ಲೇ ಉಳೀತೀರಿ. ಇಲ್ಲದಿದ್ರೆ ಮತ್ತೆ ಮುಖ ನೋಡೋ ಹಾಗಿಲ್ಲ, ತಿಳ್ಕೊಳ್ಳಿ."

ಕತ್ತರಿಯಕ್ಕ ಕಂಬದ ಕಡೆ ನೋಡಿದಳು. ತಂಗಿ ತಲೆ ತಗ್ಗಿಸಿ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. ಬಿಚ್ಚುತ್ತಿದ್ದಾಳಲ್ಲ, ಅಷ್ಟು ಬೇಡವಾದೆನೇ ನಾನು ಎಂದುಕೊಂಡಳು ಅಕ್ಕ. ಆದರೂ ಎದ್ದಳು. ಬದುಕಿನಲ್ಲಿ ಯಾರ ಮುಂದೆಯೂ ಕೈಚಾಚದವಳು ಕಚೇರಿಯ ಮುಂದಿನ ಸಾಲಿನಲ್ಲಿ ಹೋಗಿ ನಿಂತಳು.

ಕ್ಯಾಂಪಿನ ಸಾಹೇಬ ಯುದ್ಧಕ್ಕೆ ಮುಂಚೆ ವಿಮಾ ಕಚೇರಿಯಲ್ಲಿದ್ದವನು. ಕೆಟ್ಟ ಮನುಷ್ಯನಲ್ಲ. ಆದರೆ ಹೇಳಿದ್ದನ್ನೆಲ್ಲ ನಂಬಬಾರದು ಎಂಬುದಕ್ಕೇ ಅವನಿಗೆ ಇಷ್ಟು ಕಾಲ ಸಂಬಳ ಕೊಟ್ಟಿದ್ದರು. ಅವನ ಮೇಜಿನ ಪಕ್ಕ ಟೋಪಿ ನೇತುಹಾಕುವ ಒಂದು ಮರದ ಗೂಟ ನಿಂತಿತ್ತು.

"ನಿಮಗೂ ಅಕ್ಕತಂಗಿ ಹುಟ್ಟಿದ್ರಾ?" ಅಂದ. "ಬೆಳಗ್ಗೆಯಿಂದ ಈ ಕ್ಯಾಂಪಲ್ಲಿ ಎಲ್ಲರೂ ಎಲ್ಲರಿಗೂ ಅಕ್ಕತಂಗಿನೇ. ಗೇಟಿನಲ್ಲಿ ಯಾರೂ ಇಲ್ಲ ಅಂತ ಬರೆಸಿದೀರಲ್ಲಮ್ಮಾ."

"ಕೋಪದಲ್ಲಿ ಬರೆಸಿದ್ದು ಸಾಹೇಬ್ರೇ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದವರು ನಾವು."

"ಇಬ್ಬರೂ ಮಾತಾಡೋದನ್ನ ಒಬ್ಬ ಪಹರೆಯವನೂ ನೋಡಿಲ್ವಂತೆ."

"ಕಂಬದ ಹತ್ರ ಆಡ್ತೀವಿ" ಅಂದಳು ಕತ್ತರಿಯಕ್ಕ. ಸಾಹೇಬ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಪಹರೆಯವನನ್ನು ಕರೆದು ಸೂಜಿಯಕ್ಕನನ್ನು ಬರಹೇಳಿದ.

ಕಾಯುವಾಗ ಅಕ್ಕನ ಕಣ್ಣು ಕಿಟಕಿಯಾಚೆ ಹೋಯಿತು. ಹೊಲಿಗೆ ಕಾರ್ಖಾನೆಗೆ ಹೊರಡುವ ಲಾರಿ ಅಲ್ಲಿ ಆಗಲೇ ನಿಂತಿತ್ತು. ಅದಕ್ಕೆ ತಾಡಪಾಲು ಇತ್ತು, ಕೂರಲು ಬೆಂಚು ಇತ್ತು. ತಂಗಿ ಅದರಲ್ಲಿ ಕೂತರೆ ಯಂತ್ರದ ಮುಂದೆ ಕೂರುತ್ತಾಳೆ, ಬೆಚ್ಚಗಿರುತ್ತಾಳೆ, ಕೆಮ್ಮು ಬಿಡುತ್ತದೆ. ಇಲ್ಲಿ ಉಳಿದರೆ ಶೆಡ್ಡಿನ ಆ ಒಡೆದ ಕಿಟಕಿ. ಇಲ್ಲಿ ಉಳಿದರೆ ಯಾರಿಗೆ ಲಾಭ? ಇದ್ದಕ್ಕಿದ್ದಂತೆ ಗುಂಡಿಯವನ ಮುಖ ಕಣ್ಣ ಮುಂದೆ ಬಂತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕಾಯುತ್ತಿದ್ದ ರೀತಿ. ಅಂದು ಯಾವ ಆರ್ಡರೂ ಅಡ್ಡ ಬಂದಿರಲಿಲ್ಲ. ತಂಗಿ ಹೋದರೆ ಆ ತಲೆಯಿಲ್ಲದ ಬೊಂಬೆಯ ಜೊತೆ ತಾನೊಬ್ಬಳೇ ಕೂತು ಉಣ್ಣಬೇಕಲ್ಲ ಎಂಬ ಹೆದರಿಕೆ ಅಡ್ಡ ಬಂದಿತ್ತು. ಇವತ್ತು ಈ ಕಚೇರಿಗೆ ಎಳೆದು ತಂದದ್ದೂ ಅದೇ ಹೆದರಿಕೆಯಲ್ಲವೇ? ಒಂದು ಸಲ ಕತ್ತರಿಸಿದ್ದು ಸಾಲದೆ?

ತಂಗಿ ಒಳಗೆ ಬಂದಳು. ಕೈಯಲ್ಲಿ ಕೋಟಿನ ಗಂಟು, ತಲೆಗೆ ಸ್ಕಾರ್ಫು. ಟೋಪಿಯ ಗೂಟದ ಕಡೆಗೆ ಮುಖ ಮಾಡಿ ನಿಂತಳು.

ಸಾಹೇಬ ಅಕ್ಕನನ್ನೇ ಕೇಳಿದ. "ಕಡೇ ಸಲ ಕೇಳ್ತೀನಿ. ಇವರು ನಿಮ್ಮ ತಂಗಿನಾ?"

ಗಂಟಲಿನವರೆಗೂ ಬಂದಿದ್ದ ಮಾತನ್ನು ವಾಪಸು ನೂಕುವುದು ಇಷ್ಟು ಕಷ್ಟ ಎಂದು ಕತ್ತರಿಯಕ್ಕನಿಗೆ ಗೊತ್ತಿರಲಿಲ್ಲ.

"ಅಲ್ಲ" ಅಂದಳು. "ಸುಳ್ಳು ಹೇಳಿದೆ. ಇವರನ್ನ ಕಾರ್ಖಾನೆಗೆ ಕಳಿಸಿ. ಚೆನ್ನಾಗಿ ಹೊಲೀತಾರೆ."

ಸಾಹೇಬ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದ. "ನಂಗೊತ್ತಿತ್ತು. ಗೇಟಿನಲ್ಲೂ ಇದನ್ನೇ ಹೇಳಿದ್ರಿ, ಇಲ್ಲೂ ಇದನ್ನೇ ಹೇಳಿದ್ರಿ. ಇನ್ನು ಈ ವಿಷಯ ಯಾರು ಎತ್ತಿದರೂ ನಾನು ಕೇಳಲ್ಲ."

ತಂಗಿ ಗೂಟದ ಕಡೆಯಿಂದ ಮುಖ ತಿರುಗಿಸಿ, ಎಷ್ಟೋ ವರ್ಷಗಳ ಮೇಲೆ ಅಕ್ಕನ ಮುಖವನ್ನು ನೇರವಾಗಿ ನೋಡಿದಳು. ಅಕ್ಕ ಕಣ್ಣು ತಪ್ಪಿಸಿದಳು. ಸಿಟ್ಟಿನಲ್ಲಿ ಹೇಳಿದ 'ಅಲ್ಲ' ತಂಗಿಗೆ ಗೊತ್ತು, ಅದು ಹೇಗಿರುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿದ್ದಾಳೆ. ಇದು ಅದಲ್ಲ. ಸಿಟ್ಟಿನಲ್ಲಿ ಅಕ್ಕ ಚೆನ್ನಾಗಿ ಹೊಲೀತಾರೆ ಎಂದು ಹೇಳುವವಳಲ್ಲ.

"ಸಾಹೇಬ್ರೇ" ಅಂದಳು ತಂಗಿ. "ಸಂಬಂಧದ ಮಾತು ಬಿಡಿ. ಗೇಟಿನಲ್ಲಿ ನನ್ನ ವಯಸ್ಸು ತಪ್ಪಾಗಿ ಬರೆಸಿದೀನಿ."

"ಎಷ್ಟು?"

ಅವಳು ಕೋಟಿನ ಗಂಟನ್ನು ಮೇಜಿನ ಮೇಲಿಟ್ಟು ಸ್ಕಾರ್ಫಿನ ಗಂಟು ಬಿಚ್ಚಿದಳು. ಬುಡದಿಂದ ನಾಲ್ಕು ಬೆರಳಿನಷ್ಟು ಕೂದಲು ಹಿಂಜಿದ ಹತ್ತಿಯ ಹಾಗೆ ಬೆಳ್ಳಗಿತ್ತು. ಅಲ್ಲಿಂದ ಕೆಳಗೆ ಮಾತ್ರ ಹಳೆಯ ಕಪ್ಪು. ಇಷ್ಟು ವರ್ಷ ಪರದೆಯ ಹಿಂದೆ ಕೂತು ಕಾಪಾಡಿಕೊಂಡದ್ದನ್ನು ಮೂವರು ಗಂಡಸರು ನೋಡುತ್ತಿದ್ದರು: ಸಾಹೇಬ, ಗುಮಾಸ್ತ, ಬಾಗಿಲ ಪಹರೆಯವನು.

"ಐವತ್ತೆರಡು" ಅಂದಳು.

ಅವಳು ಕೊಟ್ಟದ್ದು ಬರೀ ಒಂದು ಸಂಖ್ಯೆಯಲ್ಲ. ಗುಂಡಿಯವನು ತಿರುಗಿ ಬರುತ್ತಾನೆ ಎಂಬುದನ್ನೇ ಅವಳು ಆ ಮೇಜಿನ ಮೇಲೆ ಇಟ್ಟುಬಿಟ್ಟಿದ್ದಳು.

"ಐವತ್ತು ದಾಟಿದ್ರೆ ಕೋಟೆ. ಗೊತ್ತು ತಾನೇ?"

"ಗೊತ್ತು."

ಅಕ್ಕ ಮುಂದೆ ನುಗ್ಗಿದಳು. ಗೂಟವಿಲ್ಲ, ಕಂಬವಿಲ್ಲ, ತಂಗಿಯ ಮುಖಕ್ಕೇ ಕೂಗಿದಳು. "ನಿನಗೇನು ತಲೆ ಕೆಟ್ಟಿದೆಯೇನೇ ಪುಟ್ಟಿ! ಅಲ್ಲಿ ಹೋದ್ರೆ ಆ ಕೆಮ್ಮಿಗೆ ಸತ್ತೇ ಹೋಗ್ತೀಯ! ಸಾಹೇಬ್ರೇ, ಸುಳ್ಳು ಹೇಳ್ತಿದಾಳೆ, ಅವಳಿಗೆ ಮೂವತ್ತೊಂಬತ್ತೇ!"

ಸಾಹೇಬ ಆ ಬಿಳಿ ಕೂದಲನ್ನು ನೋಡಿದ, ಆಮೇಲೆ ಕೂಗುತ್ತಿದ್ದ ಅಕ್ಕನನ್ನು ನೋಡಿದ. ಅವನ ತುಟಿಯ ಅಂಚಿನಲ್ಲಿ ಏನೋ ಬಂದು ಹೋಯಿತು.

"ಇಷ್ಟು ವರ್ಷದ ಕೆಲಸದಲ್ಲಿ ವಯಸ್ಸು ಇಳಿಸಿ ಸುಳ್ಳು ಹೇಳೋರನ್ನ ಬೇಕಾದಷ್ಟು ಕಂಡಿದೀನಿ" ಅಂದ. "ಏರಿಸಿ ಹೇಳೋರನ್ನ ಒಬ್ಬರನ್ನೂ ಕಂಡಿಲ್ಲ. ಅದೂ ಕೋಟೆಗೆ ಹೋಗೋಕೆ." ಗುಮಾಸ್ತನಿಗೆ ಸನ್ನೆ ಮಾಡಿದ. "ಐವತ್ತೆರಡು ಅಂತ ತಿದ್ದು. ನೀವಿಬ್ಬರೂ ಜಗಳ ಆಡೋದಿದ್ರೆ ಹೊರಗೆ ಹೋಗಿ ಆಡಿ."

ಸಂಬಂಧದ ಜಾಗದಲ್ಲಿ 'ಇಲ್ಲ' ಎಂಬುದು ಹಾಗೆಯೇ ಉಳಿಯಿತು.

ಮರುದಿನ ಬೆಳಗ್ಗೆ ಕೋಟೆಯ ಲಾರಿ ಹೊರಟಿತು. ತಾಡಪಾಲು ಇಲ್ಲದ ತೆರೆದ ಲಾರಿ. ಮುದುಕಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ನೆಲದ ಮೇಲೆ ಕೂತಿದ್ದರು. ಬೇಕರಿಯಮ್ಮನೂ ಅಲ್ಲಿದ್ದಳು, ತನ್ನ ಮೂಟೆಯಂಥ ಮೇಲಂಗಿಯಲ್ಲಿ. ಬೆಟ್ಟದ ದಾರಿ ಹಿಡಿದದ್ದೇ ಗಾಳಿ ಮುಖಕ್ಕೆ ಹೊಡೆಯಿತು. ಅಕ್ಕ ತಂಗಿ ಪಕ್ಕಪಕ್ಕದಲ್ಲಿ ಕೂತಿದ್ದರೂ ಕಚೇರಿಯ ಆ ಕೂಗಾಟದ ಮೇಲೆ ಮತ್ತೆ ಮಾತಿರಲಿಲ್ಲ. ಅಭ್ಯಾಸ ತಪ್ಪಿದ ಬಾಯಿಗಳು. ಎಲ್ಲಿಂದ ಶುರು ಮಾಡುವುದೆಂದು ಇಬ್ಬರಿಗೂ ತೋಚುತ್ತಿರಲಿಲ್ಲ. ಸುತ್ತ ನೋಡಿದರೆ ಒಂದು ಕಂಬವೂ ಇಲ್ಲ.

ತಂಗಿ ಗಂಟು ಬಿಚ್ಚಿ ಕೋಟು ತೆಗೆದು ಅಕ್ಕನ ತೊಡೆಯ ಮೇಲೆ ಹಾಕಿದಳು. "ಹಾಕ್ಕೋ."

"ನಿನ್ನ ಅಳತೆಗೆ ಗೆರೆ ಎಳೆದಿದ್ದು. ನನ್ನ ಭುಜಕ್ಕೆ ಹಿಡಿಸಲ್ಲ."

"ಹಾಕ್ಕೋ ಅಂದೆ."

ಅಕ್ಕ ತೋಳು ತೂರಿಸಿದಳು. ಹಿಡಿಯಬೇಕಾಗಿದ್ದ ಭುಜ ಹಿಡಿಯಲಿಲ್ಲ. ಬಿಗಿಯಬೇಕಾಗಿದ್ದ ಬೆನ್ನು ಬಿಗಿಯಲಿಲ್ಲ. ಅವಳ ದಪ್ಪ ತೋಳಿಗೆ, ಅವಳ ಅಗಲ ಎದೆಗೆ, ಅಳೆದು ತೆಗೆದ ಹಾಗೆ ಕೂತಿತು. ಶೆಡ್ಡಿನಲ್ಲಿ ತಂಗಿ ತಲೆ ತಗ್ಗಿಸಿ ಹೊಲಿಗೆ ಬಿಚ್ಚುತ್ತಿದ್ದದ್ದು ಈಗ ಅಕ್ಕನಿಗೆ ಅರ್ಥವಾಯಿತು. ಕೋಟೆಗೆ ಹೋಗುವವಳು ಅಕ್ಕ ಎಂದು ಕೇಳಿದ ಆ ಗಳಿಗೆಯಲ್ಲೇ ಅವಳು ಬಿಚ್ಚಲು ಕೂತಿದ್ದಳು. ಇಷ್ಟು ವರ್ಷಗಳಲ್ಲಿ ಅಕ್ಕ ಎಳೆದ ಗೆರೆ ಬಿಟ್ಟು ತಂಗಿ ಹೊಲಿದದ್ದು ಇದೊಂದೇ.

ಅಕ್ಕ ಏನೋ ಹೇಳಲು ಹೋದಳು. ಗುಂಡಿಯವನ ವಿಷಯ, ಅಂದಿನ ಹೆದರಿಕೆಯ ವಿಷಯ, ಎಲ್ಲ ಬಾಯಿಗೆ ಬಂತು. "ಅವತ್ತು ಆರ್ಡರ್ ಗೀರ್ಡರ್ ಏನೂ ಇರಲಿಲ್ಲ ಕಣೇ" ಅಂದಳು. ಮುಂದೆ ಹೇಳಲಾಗದೆ ಅತ್ತುಬಿಟ್ಟಳು.

"ನಂಗೊತ್ತು" ಅಂದಳು ತಂಗಿ. "ಅಂಗಡೀಲಿ ಹೊಲೀತಿದ್ದವಳು ನಾನೇ ಅಲ್ವಾ? ಆರ್ಡರ್ ಎಷ್ಟಿತ್ತು ಅಂತ ನನಗೆ ಗೊತ್ತಿರಲ್ವಾ?"

ಅಕ್ಕ ಕೋಟಿನ ಒಂದು ಮಗ್ಗುಲನ್ನು ತೆರೆದು ತಂಗಿಯನ್ನು ಒಳಗೆ ಎಳೆದುಕೊಂಡಳು. ಗುಂಡಿ ಹಾಕಲು ಆಗಲಿಲ್ಲ, ಇಬ್ಬರಿಗೆ ಆಗುವಷ್ಟು ಕೋಟಲ್ಲ ಅದು. ತಂಗಿ ಒಳಗಿನ ಮಡಿಕೆಯನ್ನು ಬೆರಳಲ್ಲಿ ಸವರುತ್ತಾ, ಎಷ್ಟು ಬಟ್ಟೆ ಮಿಕ್ಕಿದೆ ಎಂದು ನೋಡಿದಳು.

"ಇನ್ನೂ ಒಳಗೆ ಬೇಕಾದಷ್ಟಿದೆ" ಅಂದಳು. "ಮೇಲೆ ಹೋದಮೇಲೆ ಬಿಚ್ಚಿ ಇಬ್ಬರಿಗೂ ಆಗೋ ಹಾಗೆ ಹೊಲೀತೀನಿ. ಅವರು ಕತ್ತರಿ ಕಿತ್ಕೊಂಡಿದ್ದೇ ಒಳ್ಳೇದಾಯ್ತು ನೋಡು. ನೀನು ಕತ್ತರಿಸಿಬಿಟ್ಟಿದ್ರೆ ಏನು ಮಾಡ್ತಿದ್ದೆ ನಾನು?"